ಇರುವೆ ಕಚ್ಚಿದ ಹಾಗೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ,
ಹಿಂಬದಿಯ ಮೆಟ್ಟಿಲು.
ಗುರುವಾರ, ಮಧ್ಯಾಹ್ನದ ಊಟದ ಬಿಡುವು.

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತಾ? ನೀನು ನೋಡಿಕೊಳ್ಳುವ ಮುದುಕಮ್ಮ ಈಗಲಾದರೂ ಮಾತ್ರೆ ನುಂಗುತ್ತಾರಾ, ಇಲ್ಲ ಇನ್ನೂ ದಿಂಬಿನ ಕೆಳಗೆ ಬಚ್ಚಿಡುತ್ತಾರಾ? ಅವರನ್ನು ಎತ್ತಿ ಕೂರಿಸುವಾಗ ಸೊಂಟ ಬಗ್ಗಿಸಬಾರದಂತೆ, ಮೊಣಕಾಲು ಮಡಿಸಿ ಎತ್ತಬೇಕಂತೆ. ನಮ್ಮ ವಾರ್ಡಿನ ಆಯಾ ಹೇಳಿದಳು. ಮೊಣಕಾಲೇ ನೋಯುವವರು ಏನನ್ನು ಮಡಿಸಬೇಕು ಅಂತ ಕೇಳಿದ್ದಕ್ಕೆ ನನ್ನನ್ನು ಅಧಿಕಪ್ರಸಂಗಿ ಅಂದಳು. ಹೊತ್ತು ಹೊತ್ತಿಗೆ ಊಟ ಮಾಡು. ಅವರಿಗೆಲ್ಲ ಉಣ್ಣಿಸಿ, ಕೊನೆಗೆ ನಿಂತುಕೊಂಡೇ ಎರಡು ತುತ್ತು ನುಂಗುವ ನಿನ್ನ ಅಭ್ಯಾಸ ನನಗೆ ಗೊತ್ತು.

ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯಬೇಕು. ಅಜ್ಜಿಗೆ ಕೆಮ್ಮಿಲ್ಲ, ನಿನ್ನ ಕಿರಿಮಗಳು ಬಟಾಣಿಗೆ ಮುಂದಿನ ಹಲ್ಲು ಇನ್ನೊಂದು ಬಿತ್ತು, ನನ್ನ ಫೋನು ಹೋದ ತಿಂಗಳು ಬಟ್ಟೆ ಬೇಯಿಸುವ ಹಂಡೆಗೆ ಬಿದ್ದು ಚೊಕ್ಕಟವಾಗಿ ಸತ್ತಿದೆ. ಇಷ್ಟರ ಮಟ್ಟಿಗೆ ಕ್ಷೇಮ. ಉಳಿದದ್ದನ್ನು ಬರೆಯಲಿಕ್ಕೇ ಈ ಕಾಗದ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ಭಾನುವಾರ ನೀನು ಮಾಡಿದಾಗ ಫೋನು ಅಜ್ಜಿಯ ಮಡಿಲಲ್ಲಿರುತ್ತದೆ, ದನಿ ಬೀದಿಗೆಲ್ಲ ಕೇಳುವ ಹಾಗೆ ಇಟ್ಟಿರುತ್ತಾಳೆ. ಬೇರೆ ದಿನ ನಾನೇ ಮಾಡೋಣವೆಂದರೆ ನಿನ್ನ ಆ ಮನೆಯ ಸೊಸೆ ಫೋನೆತ್ತಿ, ‘ಅವಳು ಕೆಲಸದಲ್ಲಿದಾಳೆ’ ಅಂತ ಇಟ್ಟುಬಿಡುತ್ತಾಳೆ. ಅದೂ ಅಲ್ಲದೆ, ಇದು ಬಾಯಲ್ಲಿ ಹೇಳುವಂಥದ್ದಲ್ಲ ಅಮ್ಮಾ. ನಾನೇ ಹೀಗೆ ಬರೆಯುತ್ತಿದ್ದೇನೆ ಅಂದರೆ ನೋಡು. ಒಂಬತ್ತನೇ ಕ್ಲಾಸಿನಲ್ಲಿ ಇನ್ಸ್‌ಪೆಕ್ಟರ್ ಎದುರಿಗೆ, ‘ಈ ಪಾಠ ಇವತ್ತೇ ಮೊದಲ ಸಲ ಮಾಡ್ತಿರೋದು ಸಾರ್’ ಅಂದು ಮೇಷ್ಟ್ರ ಕೈಲಿ ಏಟು ತಿಂದು, ಮತ್ತೆ ಶಾಲೆಯ ಕಡೆ ತಲೆ ಹಾಕದವಳು ನಾನು. ನನ್ನ ಬಾಯಿಗೇ ಇದು ಬರುತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಆದದ್ದು ಹೇಳುತ್ತೇನೆ. ನನ್ನನ್ನು ಈಗ ಹಂಡೆಯಿಂದ ಇಸ್ತ್ರಿ ಕೋಣೆಗೆ ಹಾಕಿದ್ದಾರೆ. ನಾನು ಮತ್ತು ಇಸ್ತ್ರಿ ಅಕ್ಕ ಎದುರುಬದುರು ನಿಂತು ಹೆರಿಗೆ ವಾರ್ಡಿನ ಚಾದರಗಳನ್ನು ಮಡಿಸುತ್ತೇವೆ. ಅವಳು ಎರಡು ಮೂಲೆ, ನಾನು ಎರಡು ಮೂಲೆ. ಹತ್ತಿರ ಬಂದು ಕೂಡಿಸಿ, ಮತ್ತೆ ಹಿಂದೆ ಸರಿಯಬೇಕು. ಇಬ್ಬರು ಜಗಳಗಂಟಿಯರು ರಾಜಿಯಾಗಿ ಮತ್ತೆ ಮುನಿಸಿಕೊಳ್ಳುವ ಹಾಗಿರುತ್ತದೆ. ನಾನು ಒಂದು ಕಡೆ ನಿಲ್ಲುವವಳಲ್ಲವಲ್ಲ, ಈ ಕೆಲಸ ನನಗೆ ಹಿಡಿಸಿದೆ. ಅವತ್ತು ಹೆರಿಗೆ ವಾರ್ಡಿನ ಸಿಸ್ಟರ್ ತಾವೇ ಚಾದರ ಕೇಳಿಕೊಂಡು ಬಂದರು. ಸಾಮಾನ್ಯವಾಗಿ ಆಯಾ ಬರುತ್ತಾಳೆ. ಸಿಸ್ಟರ್ ಗಟ್ಟಿ ಹೆಂಗಸು, ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದಾರೆ, ಡಾಕ್ಟರಿಗೇ ಗದರುತ್ತಾರೆ. ಅಂಥವರು ಒಗೆದ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತು, ಚಾದರಕ್ಕೂ ಕೈಚಾಚದೆ, ‘ಇದ್ದಬದ್ದ ಚಾದರ ಎಲ್ಲ ಒದ್ದೆಯಾಯ್ತು ಕಣೇ, ರಕ್ತ ನಿಲ್ತಾನೇ ಇಲ್ಲ’ ಅಂದರು. ಒಂದು ಚೊಚ್ಚಲ ಹೆರಿಗೆ. ಹುಡುಗಿ ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ಡಾಕ್ಟರು ಒಳಗೆ ಹೊಲಿಗೆ ಹಾಕುತ್ತಿದ್ದರಂತೆ. ‘ಚಿಕ್ಕ ಮಗು ಆಗಿದ್ದಾಗ ಅದನ್ನ ಹಿಡಿದು ಕೊಯ್ದಿದಾರಲ್ಲ, ಯಾವ ಕೈಗಳೋ ಅವು’ ಅಂದರು.

ಇಸ್ತ್ರಿ ಅಕ್ಕ ಏನನ್ನು ಕೊಯ್ದಿದ್ದು ಅಂತ ಕೇಳಿದಳು. ಸಿಸ್ಟರ್ ದನಿ ತಗ್ಗಿಸಿ ಹೇಳಿದರು. ಕೇಳಿ ನನಗೆ ನಗು ಬಂತು ಅಮ್ಮಾ. ದೇವರಾಣೆ, ನಕ್ಕೆ. ಇಷ್ಟು ಅನುಭವಸ್ಥ ಹೆಂಗಸು ಇಷ್ಟು ಸಣ್ಣ ವಿಷಯಕ್ಕೆ ಗಾಬರಿಯಾಗಿದ್ದಾರಲ್ಲ ಅನ್ನಿಸಿತು. ಸಮಾಧಾನ ಮಾಡುವವಳ ಹಾಗೆ, ‘ಅಯ್ಯೋ, ಚಿಕ್ಕ ಕೆಲಸ ಅಲ್ವಾ ಸಿಸ್ಟರ್? ಅದು ಎಲ್ಲರಿಗೂ ಮಾಡಿಸ್ತಾರಲ್ಲ. ನಿಮಗೆ ಎಷ್ಟನೇ ವಯಸ್ಸಲ್ಲಿ ಮಾಡಿಸಿದ್ರು?’ ಅಂದೆ. ಇಸ್ತ್ರಿ ಅಕ್ಕನ ಕಡೆ ತಿರುಗಿ, ‘ನಿನಗೂ ಏಳಕ್ಕೇನಾ?’ ಅಂತ ಬೇರೆ ಕೇಳಿದೆ. ಅವಳ ಕೈಯಿಂದ ಚಾದರದ ಎರಡು ಮೂಲೆಗಳೂ ಜಾರಿದವು. ನನ್ನ ಎರಡು ಮೂಲೆ ನನ್ನ ಕೈಯಲ್ಲೇ ಇದ್ದವು. ಆಮೇಲೆ ಇಸ್ತ್ರಿ ಅಕ್ಕ ನನ್ನ ಹತ್ತಿರ ಬಂದು ಗಲ್ಲ ಮುಟ್ಟಿ, ‘ಏನೇ ಹೇಳ್ತಿದೀಯ ನೀನು? ಯಾರಿಗೂ ಮಾಡಿಸಲ್ಲ ಕಣೇ. ನನಗಿಲ್ಲ, ನನ್ನ ಮೂರು ಹೆಣ್ಣುಮಕ್ಕಳಿಗಿಲ್ಲ, ನಮ್ಮ ಓಣೀಲಿ ಯಾರಿಗೂ ಇಲ್ಲ’ ಅಂದಳು. ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು. ಅಷ್ಟು ಹೊತ್ತು ಒಳಗಿದ್ದ ಹುಡುಗಿಯನ್ನು ಹೇಗೆ ನೋಡಿ ಬಂದಿದ್ದರೋ, ಹಾಗೇ.

ಅಮ್ಮಾ, ಹತ್ತೊಂಬತ್ತು ವರ್ಷ ನಾನು ಭೂಮಿಯ ಮೇಲಿರುವ ಹೆಂಗಸರೆಲ್ಲ ನನ್ನ ಹಾಗೇ ಅಂದುಕೊಂಡಿದ್ದೆ. ಹಲ್ಲು ಬೀಳುತ್ತೆ, ಚಿಕ್ಕ ಕೆಲಸ ಆಗುತ್ತೆ, ಆಮೇಲೆ ದೊಡ್ಡವಳಾಗುತ್ತೀವಿ, ಅಷ್ಟೇ ಅಂತ. ನಮ್ಮ ಮನೆ, ಚಿಕ್ಕಮ್ಮನ ಮನೆ, ಮೇಲಿನ ಬೀದಿಯ ನಾಲ್ಕು ಮನೆ ಬಿಟ್ಟು ಬೇರೆ ಹೆಂಗಸರ ಜೊತೆ ನಾನು ಇದನ್ನು ಮಾತಾಡಿದ್ದು ಯಾವಾಗ? ಇಲ್ಲಿ ಕೆಲಸದ ಹೆಂಗಸರು ನನ್ನನ್ನು ರೇಗಿಸುತ್ತಾರೆ, ‘ಇವಳು ಬಚ್ಚಲಿಗೆ ಹೋದ್ರೆ ಒಳಗೆ ಒಂದು ನಿದ್ದೆ ತೆಗೆದೇ ಬರೋದು’ ಅಂತ. ನಾನೂ ಜೊತೆಗೆ ನಗುತ್ತಿದ್ದೆ. ಅವರೆಲ್ಲ ಅಷ್ಟು ಬೇಗ ಹೇಗೆ ಬರುತ್ತಾರೆ, ಕೈಯಾದರೂ ತೊಳೆಯುತ್ತಾರೋ ಇಲ್ಲವೋ ಅಂತ ನನಗೆ ಅನುಮಾನವಿತ್ತು!

ರಕ್ತ ನಿಂತ ಮೇಲೆ, ಆ ಹುಡುಗಿ ಉಳಿದ ಮೇಲೆ, ಸಿಸ್ಟರ್ ನನ್ನನ್ನು ಔಷಧಿ ಇಡುವ ಕೋಣೆಗೆ ಕರೆದುಕೊಂಡು ಹೋದರು. ಒಂದು ಹಳೇ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು, ಎಲ್ಲಿ ಏನಿರುತ್ತದೆ, ಯಾವುದರ ಕೆಲಸ ಏನು ಅಂತ. ನನ್ನ ಮೈಯ ನಕ್ಷೆಯನ್ನು ನಾನು ಮೊದಲ ಸಲ ನೋಡಿದ್ದು ಆ ಚೀಟಿಯ ಮೇಲೆ. ಅದರಲ್ಲಿ ಇದ್ದದ್ದು ನನ್ನಲ್ಲಿ ಇಲ್ಲ. ‘ಅಲ್ಲಿ ಇದ್ದದ್ದರಲ್ಲಿ ಕೊಳಕೂ ಇರಲಿಲ್ಲ, ರೋಗಾನೂ ಇರಲಿಲ್ಲ ಮರಿ. ತೆಗೆಯೋದರಿಂದ ಕೂದಲೆಳೆಯಷ್ಟೂ ಉಪಯೋಗ ಇಲ್ಲ’ ಅಂದರು. ಇದಕ್ಕೊಂದು ಹೆಸರೂ ಇದೆಯಂತೆ, ಹೆಣ್ಣು ಜನನಾಂಗ ಛೇದನ ಅಂತ. ಚಿಕ್ಕ ಕೆಲಸಕ್ಕೆ ಎಷ್ಟು ದೊಡ್ಡ ಹೆಸರು ನೋಡು. ಎಷ್ಟೋ ದೇಶಗಳಲ್ಲಿ, ಬೇರೆ ಬೇರೆ ಜನರಲ್ಲಿ ಮಾಡುತ್ತಾರಂತೆ, ಪ್ರತಿಯೊಬ್ಬರೂ ತಮ್ಮ ದೇವರು ಹೇಳಿದ್ದು ಅನ್ನುತ್ತಾರಂತೆ. ನಾನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ನನ್ನ ಅಜ್ಜಿಯನ್ನು, ನಿನ್ನನ್ನು ಯಾರೋ ಬೈದ ಹಾಗಾಗಿ ಮೈ ಉರಿಯಿತು. ‘ಕಿವಿ ಚುಚ್ಚಿಸಲ್ವಾ? ಇದೂ ಹಾಗೇ’ ಅಂದೆ. ಸಿಸ್ಟರ್ ಬಿಡಲಿಲ್ಲ. ‘ಕಿವಿ ಚುಚ್ಚಿಸಿದ್ರೆ ಕಿವಿ ಕೇಳಿಸೋದು ನಿಲ್ಲುತ್ತಾ? ನಿಜ ಹೇಳು, ಉಚ್ಚೆ ಹೊಯ್ಯೋಕೆ ಎಷ್ಟು ಹೊತ್ತು ಬೇಕು ನಿನಗೆ? ವರ್ಷಕ್ಕೆ ಎಷ್ಟು ಸಲ ಉರಿ, ಚಳಿಜ್ವರ ಬರುತ್ತೆ? ಮುಟ್ಟಾದಾಗ ಎಷ್ಟು ದಿನ ಮಲಗ್ತೀಯ?’ ಒಂದೊಂದಕ್ಕೂ ನಾನು ಉತ್ತರ ಹೇಳುತ್ತಾ ಹೋದೆ, ಒಂದೊಂದಕ್ಕೂ ಅವರು ಆ ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟರು. ನೀರು ಕಮ್ಮಿ ಕುಡೀತೀಯ, ಅದಕ್ಕೇ ಉರಿ ಅಂತ ನೀನು ಬೈಯುತ್ತಿದ್ದೆ. ನಾನು ಚೊಂಬುಗಟ್ಟಲೆ ಕುಡಿದಿದ್ದೇನೆ ಅಮ್ಮಾ.

ಶಾಲೆಯಲ್ಲಿ ‘ಹಕ್ಕುಗಳು ಮತ್ತು ಕರ್ತವ್ಯಗಳು’ ಅಂತ ಒಂದು ಪಾಠವಿತ್ತು. ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೆ, ಎರಡು ಬಂತು. ಹಕ್ಕು ಅಂದರೆ ವೋಟು ಹಾಕುವುದು, ದೊಡ್ಡವರಾದ ಮೇಲೆ ಸಿಗುವಂಥದ್ದು ಅಂತ ತಿಳಿದಿದ್ದೆ. ಸಿಸ್ಟರ್ ಹೇಳಿದರು, ‘ಅವಳ ಮೈ ಅವಳದ್ದು. ಅಜ್ಜೀದಲ್ಲ, ಅಮ್ಮಂದಲ್ಲ, ನಾಳೆ ಬರೋ ಗಂಡಂದೂ ಅಲ್ಲ. ಹುಟ್ಟಿದ ದಿನದಿಂದ ಅವಳದ್ದೇ. ಏಳು ವರ್ಷದ ಮಗು ಹೂಂ ಅಂದ್ರೂ ಲೆಕ್ಕಕ್ಕಿಲ್ಲ, ಏನು ಕೇಳ್ತಿದಾರೆ ಅಂತಲೇ ಅದಕ್ಕೆ ಗೊತ್ತಿರಲ್ಲ.’ ಕಾನೂನಿನಲ್ಲೂ ಅಪರಾಧವಂತೆ. ಅಪರಾಧ ಅಂದ ಕೂಡಲೇ ನನ್ನ ಕಣ್ಣೆದುರಿಗೆ ಕಳ್ಳರು, ಕುಡುಕರು ಬರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತ ಅಜ್ಜಿ ಬಂದಳು. ನೀನು ಬಂದೆ.

ಇನ್ನೊಂದು ವಿಷಯ. ಇದನ್ನು ಬರೆಯಲೋ ಬೇಡವೋ ಅಂತ ಪೆನ್ನು ಕಚ್ಚಿಕೊಂಡು ಕೂತಿದ್ದೆ. ಬರೆಯುತ್ತೇನೆ. ನನ್ನ ಮತ್ತು ಬಟಾಣಿಯ ನಡುವೆ ಒಬ್ಬ ತಮ್ಮ ಹುಟ್ಟಿದ್ದನಲ್ಲ, ಅಳದೇ ಹೋದವನು. ನನಗೆ ಒಂಬತ್ತು ವರ್ಷ. ಎರಡು ದಿನ ನೀನು ಒಳಕೋಣೆಯಲ್ಲಿ ನರಳಿದೆ, ಕೊನೆಗೆ ಅಪ್ಪ ಯಾರದೋ ವ್ಯಾನು ತಂದ. ಆಮೇಲೆ ಬಂದವರಿಗೆಲ್ಲ ಅಜ್ಜಿ, ‘ಇವಳದು ಬಿಗಿ ಮೈ, ಮಗೂನ ಬಿಡಲಿಲ್ಲ’ ಅನ್ನುತ್ತಿದ್ದಳು. ನೀನು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಇದನ್ನು ಸಿಸ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ‘ಕೊಯ್ದು ಕೂಡಿದ ಜಾಗ ಹಿಗ್ಗಲ್ಲ. ಹೆರಿಗೆ ಕಷ್ಟ ಆಗುತ್ತೆ, ಮಗುವಿಗೆ ಅಪಾಯ ಆಗುತ್ತೆ. ನಿಮ್ಮಮ್ಮಂಗೆ ಅದೇ ಕಾರಣ ಅಂತ ನೋಡದೆ ನಾನು ಹೇಳಬಾರದು. ಆದ್ರೆ ಅವರ ತಪ್ಪಂತೂ ಅಲ್ಲ’ ಅಂದರು. ಅಮ್ಮಾ, ಈ ಒಂದು ಸಾಲನ್ನು ಎರಡು ಸಲ ಓದು. ನಿನ್ನ ತಪ್ಪಲ್ಲವಂತೆ. ಹತ್ತು ವರ್ಷ ನೀನು ತಲೆ ತಗ್ಗಿಸಿದ್ದು ದಂಡ.

ಅವತ್ತು ರಾತ್ರಿಯವರೆಗೂ ಕಾಯುವ ತಾಳ್ಮೆ ನನಗೆಲ್ಲಿದೆ? ಕೆಲಸ ಮುಗಿಸಿ ನೇರ ಮನೆಗೆ ಹೋದೆ. ಅಜ್ಜಿ ಬಾಗಿಲ ಬೆಳಕಿನಲ್ಲಿ ದರ್ಜಿಯ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಚಪ್ಪಲಿ ಬಿಡದೇ ಶುರು ಮಾಡಿದೆ. ಸಿಸ್ಟರ್ ಹೇಳಿದ್ದೆಲ್ಲ ಒಂದೇ ಉಸಿರಿಗೆ ಒದರಿದೆ. ಅಜ್ಜಿ ಸೂಜಿ ನಿಲ್ಲಿಸದೆ, ‘ಬಟ್ಟೆ ಒಗೆಯೋಕೆ ಹೋದೋಳು ಡಾಕ್ಟರಾಗಿ ಬಂದ್ಲು’ ಅಂದಳು. ಆಮೇಲೆ, ‘ನನಗೆ ಮಾಡಿದ್ರು, ನಿನ್ನ ಅಮ್ಮಂಗೆ ಮಾಡಿದ್ರು, ನಿನಗೂ ಆಯ್ತು. ಸತ್ತು ಹೋಗಿದೀವಾ?’ ಅಂದಳು. ನಾನು, ‘ಸತ್ತೋರು ಬಂದು ಹೇಳ್ತಾರಾ ಅಜ್ಜಿ?’ ಅಂದೆ. ಸುಮ್ಮನೆ ಬಾಯಿಗೆ ಬಂದ ಮಾತು ಅದು. ಅಜ್ಜಿಯ ಸೂಜಿ ನಿಂತಿತು. ನನಗಲ್ಲ, ಅಂಗಿಗೆ ಹೇಳುವ ಹಾಗೆ, ‘ಒಬ್ಬಳು ಹೋದ್ಲು. ಅವಳ ಹಣೆಬರಹ’ ಅಂದಳು. ಅಜ್ಜಿಗೆ ಒಬ್ಬ ತಂಗಿ ಇದ್ದಳಲ್ಲ, ಜ್ವರ ಬಂದು ಹೋದವಳು, ಅವಳ ಜಡೆ ನನ್ನ ಜಡೆಯ ಹಾಗೇ ಇತ್ತು ಅಂತ ನನಗೆ ಎಣ್ಣೆ ಹಚ್ಚುವಾಗೆಲ್ಲ ಹೇಳುತ್ತಿದ್ದಳಲ್ಲ. ಜ್ವರವಲ್ಲ ಅಮ್ಮಾ. ಇಬ್ಬರನ್ನೂ ಒಂದೇ ಬೆಳಿಗ್ಗೆ ಕೂರಿಸಿದ್ದರಂತೆ. ಅಜ್ಜಿ ಎದ್ದಳು, ಅವಳು ಏಳಲಿಲ್ಲ. ಆರು ವರ್ಷ. ನಿನಗೆ ಇದು ಗೊತ್ತಿತ್ತಾ?

ನಾನು ಹೊಸ್ತಿಲ ಮೇಲೆ ಕೂತೆ. ಇಷ್ಟು ಗೊತ್ತಿದ್ದೂ ನನಗೆ ಮಾಡಿಸಿದೆಯಲ್ಲ ಅಂದೆ. ಅಜ್ಜಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ‘ಮಾಡಿಸದೆ ಇದ್ದೋಳನ್ನ ನಮ್ಮೋರಲ್ಲಿ ಯಾರು ತಗೋತಾರೆ ಪುಟ್ಟಾ? ಒಲೆ ಮುಂದೆ ಕೂರಿಸಲ್ಲ, ಅವಳ ಕೈ ನೀರು ಕುಡಿಯಲ್ಲ. ನಾನಿರೋವಾಗಲೇ ಬಟಾಣೀದೂ ಮುಗಿಸಿಬಿಟ್ರೆ ನನ್ನ ಜವಾಬ್ದಾರಿ ಕಳೀತು. ನಿನ್ನ ಅಮ್ಮನೂ ಒಪ್ಪಿದಾಳೆ’ ಅಂತ ನನ್ನ ತಲೆ ಸವರಿದಳು. ಆ ಕೈಯೇ ಅಮ್ಮಾ. ನಮಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟ ಕೈ. ಇದೇ ಕೈ ಅವತ್ತು ನನ್ನ ಭುಜ ಒತ್ತಿ ಹಿಡಿದಿತ್ತು. ಈ ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಲು ನನಗೆ ಆಗುತ್ತಿಲ್ಲ.

ನೀನು ಒಪ್ಪಿದ್ದು ನನಗೂ ಗೊತ್ತು. ಹೋದ ಭಾನುವಾರ ಫೋನಿನಲ್ಲಿ ಅಜ್ಜಿ, ‘ಬಟಾಣಿಗೆ ಏಳು ತುಂಬ್ತಾ ಬಂತು, ಶನಿವಾರ ಪರೀಕ್ಷೆ ಮುಗಿಯುತ್ತೆ, ಭಾನುವಾರ ಚಿಕ್ಕ ಕೆಲಸ ಮುಗಿಸಿಬಿಡ್ತೀನಿ, ಹಗುರ ಕೈಯವಳಿಗೆ ಹೇಳಿದೀನಿ’ ಅಂದಾಗ ನೀನು, ‘ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ ಅತ್ತೆ’ ಅಂದೆ. ಅದನ್ನು ಹೇಳುವ ಮುಂಚೆ ಸ್ವಲ್ಪ ಹೊತ್ತು ನಿನ್ನ ದನಿಯೇ ಬರಲಿಲ್ಲ. ಆಗ ನಾನು ಲೈನು ಹೋಯಿತು ಅಂದುಕೊಂಡೆ. ಹಗುರ ಕೈಯವಳು! ಯಾರು ಇಟ್ಟರೋ ಆ ಹೆಸರು. ನನ್ನ ಬೆಳಿಗ್ಗೆ ನನಗೆ ನೆನಪಿದೆ. ಹೊಸ ಚಪ್ಪಲಿ ಕೊಡಿಸುತ್ತೇನೆ ಅಂತ ನೀನು ತಲೆ ಬಾಚಿದೆ. ‘ಹೆದರಬೇಡ, ಇರುವೆ ಕಚ್ಚಿದ ಹಾಗೆ ಅಷ್ಟೇ’ ಅಂದೆ. ಅವಳ ಮನೆಯ ಬಾಗಿಲವರೆಗೆ ಬಂದು, ನನ್ನ ಕೈಯನ್ನು ಅಜ್ಜಿಯ ಕೈಗೆ ಕೊಟ್ಟು, ನೀನು ಬೀದಿಯಲ್ಲೇ ನಿಂತೆ. ಮುಚ್ಚುವ ಬಾಗಿಲಿನ ಸಂದಿಯಲ್ಲಿ ನಿನ್ನ ಬೆನ್ನು ಕಂಡಿತು. ಒಳಗೆ ಆದದ್ದನ್ನು ನಾನು ಬರೆಯುವುದಿಲ್ಲ, ಅದು ನಿನಗೂ ಆದದ್ದೇ. ನಾನು ಕೂಗಿದ್ದು ‘ಅಮ್ಮಾ’ ಅಂತ. ನಿನಗೆ ಕೇಳಿಸಿತಾ? ಈ ಪ್ರಶ್ನೆಯನ್ನು ಹನ್ನೆರಡು ವರ್ಷದಿಂದ ಇಟ್ಟುಕೊಂಡಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಹದಿನೈದು ದಿನ ಕಾಲು ಕಟ್ಟಿ ಮಲಗಿಸಿದಾಗ ನೀನೇ ಬೀಸಣಿಗೆ ಬೀಸಿದೆ, ನೀನೇ ಗಂಜಿ ಕುಡಿಸಿದೆ. ನಿನ್ನನ್ನು ದ್ವೇಷಿಸಲು ಹೊರಟೆ, ಅದೂ ಪೂರ್ತಿ ಆಗಲಿಲ್ಲ. ಎದ್ದು ಓಡಾಡಿದ ಮೇಲೆ ಚಿಕ್ಕಮ್ಮನ ಮಗಳ ಮುಂದೆ, ‘ನಂದು ಆಯ್ತು, ನಿಂದು ಇನ್ನೂ ಇಲ್ಲ’ ಅಂತ ಜಂಬ ಕೊಚ್ಚಿದೆ.

ಈಗ ನನ್ನ ತಪ್ಪು ಹೇಳುತ್ತೇನೆ. ನಿನ್ನದನ್ನು ಮಾತ್ರ ಬರೆದು ನನ್ನದನ್ನು ಬಿಟ್ಟರೆ ಈ ಕಾಗದವೂ ಸುಳ್ಳಾಗುತ್ತದೆ. ಆ ಭಾನುವಾರ ಸಂಜೆ ಬಟಾಣಿ, ‘ಅಕ್ಕಾ, ಚಿಕ್ಕ ಕೆಲಸ ಅಂದ್ರೇನು, ನೋಯುತ್ತಾ?’ ಅಂತ ಕೇಳಿದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಯೋಚನೆಯೇ ಮಾಡದೆ, ‘ಇರುವೆ ಕಚ್ಚಿದ ಹಾಗೆ, ಅಷ್ಟೇ’ ಅಂದೆ. ನೆನಪಿದ್ದೂ ಅಂದೆ ಅಮ್ಮಾ. ಇನ್ಸ್‌ಪೆಕ್ಟರ್ ಮುಂದೆ ಸತ್ಯ ಹೇಳಿದವಳು, ಹಲ್ಲುದುರಿದ ಮಗುವಿನ ಮುಂದೆ ಸುಳ್ಳು ಹೇಳಿದೆ. ನಿನ್ನೆ ಬುಧವಾರ ಸಂಜೆ ಮನೆಗೆ ಬಂದರೆ ಅವಳು ಹಿತ್ತಿಲ ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಗೋಡೆಯ ಮೇಲೆ ಕೆಂಪಿರುವೆಯ ಸಾಲು. ಅದರ ದಾರಿಗೆ ಅಡ್ಡವಾಗಿ ತನ್ನ ಕಿರುಬೆರಳು ಇಟ್ಟುಕೊಂಡಿದ್ದಾಳೆ. ಬೆರಳು ಊದಿದೆ, ಕೆಳತುಟಿ ಕಚ್ಚಿಕೊಂಡಿದ್ದಾಳೆ. ಏನೇ ಇದು ಅಂದರೆ, ‘ಅಭ್ಯಾಸ ಮಾಡ್ತಿದೀನಿ ಅಕ್ಕಾ. ಸೋಮವಾರ ಅತ್ತೆ, ಮಂಗಳವಾರ ಸ್ವಲ್ಪ ಅತ್ತೆ. ಇವತ್ತು ನೋಡು, ಅಳಲೇ ಇಲ್ಲ’ ಅಂದಳು. ಅವಳ ಮುಖದಲ್ಲಿ ಹೆಮ್ಮೆ.

ನಾನು ಅವಳ ಕೈ ಎಳೆದುಕೊಂಡು ಬೆರಳನ್ನು ಬಾಯಲ್ಲಿಟ್ಟುಕೊಂಡೆ. ಆಮೇಲೆ ಹೇಳಿದೆ, ‘ಸುಳ್ಳು ಹೇಳಿದ್ದೆ ಬಟಾಣಿ. ಇರುವೆ ಕಚ್ಚಿದ ಹಾಗಿರಲ್ಲ.’ ಅವಳು, ‘ಹಾಗಾದ್ರೆ ಯಾವುದು ಕಚ್ಚಿದ ಹಾಗೆ? ಅದರ ಅಭ್ಯಾಸ ಮಾಡ್ತೀನಿ’ ಅಂದಳು. ಯಾವುದು ಅಂತ ಹೇಳಲಿ ಅಮ್ಮಾ? ನಿನಗೆ ಗೊತ್ತಿದ್ದರೆ ಹೇಳು.

ಅಮ್ಮಾ, ಈ ಕಾಗದ ಶನಿವಾರ ನಿನ್ನ ಕೈ ಸೇರುತ್ತದೆ ಅಂತ ಅಂಚೆ ಕಚೇರಿಯಲ್ಲಿ ಕೇಳಿಕೊಂಡಿದ್ದೇನೆ. ಸೇರಿದ ಕೂಡಲೇ ಅಜ್ಜಿಗೆ ಫೋನು ಮಾಡು. ಆ ಸೊಸೆಯ ಕಾಲು ಹಿಡಿದಾದರೂ ಮಾಡು. ಉದ್ದಕ್ಕೆ ಮಾತಾಡಲು ಹೋಗಬೇಡ, ಅಜ್ಜಿ ಅತ್ತರೆ ನೀನು ಹೂಂ ಅಂದುಬಿಡುತ್ತೀಯ. ಒಂದೇ ಮಾತು ಹೇಳು, ‘ಬೇಡ’ ಅಂತ. ನನ್ನ ಮಾತು ಅಜ್ಜಿಗೆ ಗಾಳಿಗೆ ಸಮ, ಆದರೆ ಹೆತ್ತವಳು ಬೇಡ ಅಂದರೆ ಹಗುರ ಕೈಯವಳು ಹೊಸ್ತಿಲು ದಾಟುವುದಿಲ್ಲ, ಅದು ನಮ್ಮವರಲ್ಲಿ ಕಟ್ಟುಪಾಡು. ಅಷ್ಟು ಅಧಿಕಾರ ನಿನಗಿದೆ. ಅದನ್ನು ನೀನು ಒಂದು ಸಲವೂ ಬಳಸಲಿಲ್ಲ. ಬಟಾಣಿಯ ವಿಷಯ ಇವತ್ತು ಬೆಳಿಗ್ಗೆ ಸಿಸ್ಟರಿಗೆ ಹೇಳಿದೆ. ಅವರು, ಮಕ್ಕಳ ರಕ್ಷಣೆಯ ಕಚೇರಿಗೆ ತಿಳಿಸಬೇಕಾದ್ದು ತಮ್ಮ ಕೆಲಸ, ತಿಳಿಸಿಯೇ ತಿಳಿಸುತ್ತೇನೆ ಅಂದಿದ್ದಾರೆ. ಪೊಲೀಸರು ಅಜ್ಜಿಯನ್ನು ಕರೆದುಕೊಂಡು ಹೋದರೆ ಅಂತ ನನಗೆ ಎದೆ ಹೊಡೆದುಕೊಳ್ಳುತ್ತದೆ. ತಿಳಿಸದಿದ್ದರೆ ಬಟಾಣಿಗೆ ಏನಾಗುತ್ತದೆ ಅಂತ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತದೆ. ‘ಅಮ್ಮಂಗೆ ಬರೀತೀನಿ, ಎರಡು ದಿನ ಕೊಡಿ’ ಅಂತ ಬೇಡಿಕೊಂಡೆ. ಶನಿವಾರ ಸಂಜೆವರೆಗೆ ಅಂದಿದ್ದಾರೆ, ಅದರಾಚೆ ಒಂದು ಗಳಿಗೆಯೂ ಇಲ್ಲವಂತೆ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಇಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ. ಆದರೆ ಬೀದಿಯಲ್ಲಿ ಬೆನ್ನು ಹಾಕಿ ನಿಂತಿದ್ದೆಯಲ್ಲ, ಆಗ ನಿನಗೆ ಏನಾಗುತ್ತಿತ್ತು ಅಂತಲೂ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಿನಗೂ ಯಾರೋ ಇರುವೆ ಅಂತಲೇ ಹೇಳಿರಬೇಕು.

ಇಸ್ತ್ರಿ ಅಕ್ಕ ಕೂಗುತ್ತಿದ್ದಾಳೆ, ಹೆರಿಗೆ ವಾರ್ಡಿನ ಚಾದರಗಳು ಬಂದಿವೆ. ಮುದುಕಮ್ಮನಿಗೆ ನನ್ನ ನಮಸ್ಕಾರ ಹೇಳು, ಮಾತ್ರೆ ನುಂಗಲು ಹೇಳು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ನಿನ್ನ ಕಾಲಿಗೆ ಬಿದ್ದು ಕೇಳುತ್ತಿದ್ದೇನೆ, ಬೈದದ್ದೆಲ್ಲ ಹೊಟ್ಟೆಗೆ ಹಾಕಿಕೋ, ಫೋನು ಮಾತ್ರ ಮರೆಯಬೇಡ.

ಇಂತಿ,
ನಿನ್ನ ಬಾಯಿಬಡುಕಿ ಮಗಳು
ಗಿರಗಿಟ್ಲೆ

ಮರೆತ ಮಾತು (ಶುಕ್ರವಾರ, ಬಸ್ಸಿನಲ್ಲಿ, ಅಕ್ಷರಗಳು ಕುಣಿಯುತ್ತಿವೆ): ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ನಾನು ಅಜ್ಜಿಯ ಹತ್ತಿರ ಬಾಯಿ ಬಿಟ್ಟದ್ದೇ ಮುಳುವಾಯಿತು, ನಾನು ಅಡ್ಡ ಬರುತ್ತೇನೆ ಅಂತ ಅವಳು ಭಾನುವಾರದ್ದನ್ನು ಇವತ್ತಿಗೇ ತಂದಿಟ್ಟಳು. ಬೆಳಿಗ್ಗೆ ಏಳುವಷ್ಟರಲ್ಲಿ ಬಟಾಣಿಗೆ ತಲೆಗೆ ನೀರು ಹಾಕಿ ಹೊಸ ಲಂಗ ಹಾಕಿದ್ದಾಳೆ, ಇವತ್ತು ಶಾಲೆ ಇಲ್ಲ ಅಂದಿದ್ದಾಳೆ. ಹಗುರ ಕೈಯವಳನ್ನು ಕರೆತರಲು ಅಜ್ಜಿ ಮೇಲಿನ ಬೀದಿಗೆ ಹೋದಳು, ನಾನು ಬಟಾಣಿಯ ಕೈ ಹಿಡಿದು ಹಿತ್ತಿಲ ಬಾಗಿಲಿಂದ ಹೊರಟೆ. ಅಜ್ಜಿಗೆ ಸುಳ್ಳು ಹೇಳಿಲ್ಲ. ಬಸ್ಸು ಊರು ದಾಟಿದ ಮೇಲೆ ಪಕ್ಕದವರ ಫೋನು ಬೇಡಿ, ‘ಅಮ್ಮನ ಹತ್ತಿರ ಹೋಗ್ತಿದೀವಿ’ ಅಂತ ಹೇಳಿದೆ. ಸಿಸ್ಟರಿಗೂ ತಿಳಿಸಿದ್ದೇನೆ, ಅವರು ಕಚೇರಿಗೆ ಫೋನು ಮಾಡಿಯಾಗಿದೆ. ಕಾಗದವನ್ನು ನೀನಿರುವ ಮನೆಯ ಕಾವಲುಗಾರನ ಕೈಲಿ ಒಳಗೆ ಕಳಿಸುತ್ತೇನೆ, ಎದುರಿಗೆ ನಿಂತರೆ ನನ್ನ ಬಾಯಿಂದ ಇದು ಬರುವುದಿಲ್ಲ. ಅಂದರೆ ನೀನು ಇದನ್ನು ಓದುವಾಗ ನಾವು ಗೇಟಿನ ಹೊರಗೆ ನಿಂತಿದ್ದೇವೆ. ಬಟಾಣಿ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದಾಳೆ, ಬದಲಿಸಲು ನಾನು ಬಟ್ಟೆ ತಂದಿಲ್ಲ, ಹಸಿದಿದ್ದಾಳೆ. ಉತ್ತರ ಬರೆಯಬೇಡ ಅಮ್ಮಾ, ಹೊರಗೆ ಬಾ. ಮೊದಲು ಅವಳನ್ನು ಎತ್ತಿಕೋ. ಆಮೇಲೆ ಬೇಕಾದರೆ ನನಗೆ ಹೊಡಿ.